ಭಾವನ ಶೆಡ್ಡಿಗೆ ಬಂದ ಟರ್ಬೊ ಇಂಜಿನ್

ಮಾರ್ಚ್ 3, ಭಾನುವಾರ

ಬೆಳಗ್ಗೆ ಎರಡು ಕ್ಲಾಸ್. ಟೈಲರಮ್ಮನಿಗೆ ಇವತ್ತೂ ರಿವರ್ಸ್ ಬರಲಿಲ್ಲ. ನನ್ನ ಕಾಲ ಬುಡದಲ್ಲೂ ಒಂದು ಬ್ರೇಕ್ ಇದೆ ಎಂಬ ಧೈರ್ಯದಲ್ಲಿ ಗೋಡೆಗೇ ಗುರಿಯಿಡುತ್ತಾರೆ. ಡ್ರೈವಿಂಗ್ ಸ್ಕೂಲ್ ಶುರುಮಾಡಿ ಇಪ್ಪತ್ತೆರಡು ವರ್ಷ. ಪಕ್ಕದ ಸೀಟಿನಲ್ಲಿ ಕೂತೇ ಅರ್ಧ ಆಯುಷ್ಯ ಕಳೆಯಿತು.

ಮಧ್ಯಾಹ್ನ ಅಕ್ಕನ ಮನೆ. ಭಾವ ಹಿತ್ತಲ ಬಾಗಿಲ ಬಳಿ — ಅದೇ ಕುರ್ಚಿ, ಅದೇ ಪೇಪರ್. ಎರಡು ವರ್ಷದಿಂದ ಅವರ ರಿಪೇರಿ ಶೆಡ್ಡಿಗೆ ಬೀಗ. ಊರಿನ ಅರ್ಧ ಕಾರುಗಳನ್ನು ಸದ್ದು ಕೇಳಿಯೇ ಗುರುತಿಸುತ್ತಿದ್ದ ಮನುಷ್ಯ ಈಗ ಸಾಂಬಾರಿಗೆ ಉಪ್ಪು ಕಮ್ಮಿ ಅಂತಲೂ ಹೇಳುವುದಿಲ್ಲವಂತೆ. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಿನ್ನ ಆ ಕೆಂಪು ಕಾರು ತಂದು ನಮ್ಮ ಶೆಡ್ಡಲ್ಲಿ ಬಿಚ್ಚು."

"ನನಗೆ ಬಿಚ್ಚೋಕೆ ಬರಲ್ಲ ಅಕ್ಕ."

"ಅದಕ್ಕೇ ಹೇಳ್ತಿರೋದು. ನೀನು ಹಾಳು ಮಾಡೋದನ್ನ ನೋಡ್ಕೊಂಡು ಎಷ್ಟು ದಿನ ಅಂತ ಸುಮ್ನೆ ಕೂತಿರ್ತಾರೆ?"

ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನಾನು ಸ್ಟೀರಿಂಗ್ ಹಿಡಿಯುವ ಒಂದೇ ಗಾಡಿ. ಅದನ್ನೇ ಬಲಿ ಕೊಡು ಅನ್ನುತ್ತಾಳೆ. ಚಿಕ್ಕಂದಿನಿಂದ ಹೀಗೇ, ನನ್ನ ಆಟದ ಸಾಮಾನಿನ ಮೇಲೇ ಅವಳ ಕಣ್ಣು.

ಮಾರ್ಚ್ 9

ಬಿಚ್ಚಲು ಒಂದು ನೆಪ ಬೇಕಲ್ಲ. ಹಿಂದೊಮ್ಮೆ ಭಾವನೇ ಹೇಳಿದ್ದರು — ಇದೇ ಕಂಪನಿಯ ದೊಡ್ಡ ಕಾರಿನ ಟರ್ಬೊ ಇಂಜಿನ್ ಇದರೊಳಗೆ ಕೂರುತ್ತೆ ಅಂತ. ನನ್ನ ಹಳೇ ಇಂಜಿನ್ ತನ್ನ ಪಾಡಿಗೆ ತಾನು ಉಸಿರಾಡುತ್ತದೆ. ಟರ್ಬೊ ಅಂದರೆ ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗುವ ಪುಟ್ಟ ಫ್ಯಾನು, ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುರುಕುತ್ತದೆ. ಇಷ್ಟೇ ನನಗೆ ಗೊತ್ತಿರುವುದು. ಗುಜರಿಯಲ್ಲಿ ಒಂದು ಸಿಕ್ಕಿತು, ವೈರಿಂಗ್ ಸಮೇತ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನದು, ಮುಂಭಾಗ ಗಟ್ಟಿ.

ಅಕ್ಕ ಬೀಗ ತೆಗೆದಳು, ಕಾರು ಒಳಗೆ ನಿಲ್ಲಿಸಿ ಇಂಜಿನ್ನನ್ನು ಪಕ್ಕದಲ್ಲಿ ಇಳಿಸಿದೆ. ಭಾವ ಪೇಪರ್ ಮೇಲಿಂದ ಒಮ್ಮೆ ನೋಡಿದರು. ಪುಟ ತಿರುಗಿಸಿದರು.

ಮಾರ್ಚ್ 17

ಬೋಲ್ಟ್ ಎರಡು ಮುರಿದೆ. ಒಂದು ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಕುರ್ಚಿ ಶೆಡ್ಡಿಗೆ ಬೆನ್ನು ಮಾಡಿದೆ, ಆದರೆ ನಾಲ್ಕಡಿ ಹತ್ತಿರ ಬಂದಿದೆ.

ಸಂಜೆ ಐದರ ಹೊತ್ತಿಗೆ ಸ್ಪ್ಯಾನರ್ ತಾಗಿ ಕಿಡಿ ಹಾರಿತು. ಪೇಪರಿನ ಹಿಂದಿನಿಂದ ದನಿ:

"ಬ್ಯಾಟರಿ ಕಳಚಿದ್ಯಾ?"

"ಇಲ್ಲ ಭಾವ."

"ಹೂಂ."

ಎರಡು ವರ್ಷದಲ್ಲಿ ಇಂಜಿನ್ ಬಗ್ಗೆ ಆಡಿದ ಮೊದಲ ಮಾತು. ಅಕ್ಕ ಒಳಗಿಂದ ಕೇಳಿಸಿಕೊಂಡಳು. ಊಟಕ್ಕೆ ನನಗೆ ಎರಡು ಸೌಟು ತುಪ್ಪ.

ಮಾರ್ಚ್ 24

ಹಳೇ ಇಂಜಿನ್ ಚೈನಿನಲ್ಲಿ ಮೇಲೆದ್ದಿತು. ಭಾವ ಕುರ್ಚಿಯಿಂದಲೇ ಹೇಳುತ್ತಾರೆ, ನಾನು ಮಾಡುತ್ತೇನೆ. ಎಡಕ್ಕೆ ಅಂದರೆ ಬಲಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ನಮ್ಮಿಬ್ಬರನ್ನು ನೋಡಿಯೇ ಹುಟ್ಟಿರಬೇಕು.

ಹೊಸದನ್ನು ಇಳಿಸಿದರೆ ಟರ್ಬೊ ಹೋಗಿ ಸ್ಟೀರಿಂಗ್ ರಾಡಿಗೆ ತಾಗುತ್ತದೆ. ಬೆರಳು ಹೋಗುವಷ್ಟೂ ಜಾಗವಿಲ್ಲ. ನಾನಂದೆ: "ಈ ರಾಡನ್ನ ಸ್ವಲ್ಪ ಉಜ್ಜಿ ಸಣ್ಣ ಮಾಡಿದ್ರೆ ಆಗಲ್ವಾ ಭಾವ?"

ಪೇಪರ್ ಕೆಳಗೆ ಬಿತ್ತು.

"ಸ್ಟೀರಿಂಗ್ ರಾಡು ಉಜ್ತೀಯಾ? ಜನಕ್ಕೆ ಡ್ರೈವಿಂಗ್ ಕಲಿಸೋನು ನೀನು. ಕೊಡು ಇಲ್ಲಿ."

ನಾಟಕವಲ್ಲ. ನಿಜವಾಗಿಯೂ ಆಗುತ್ತೆ ಅಂದುಕೊಂಡಿದ್ದೆ. ಎದ್ದು ಬಂದರು, ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು, ಟರ್ಬೊದ ಹೊರಕವಚದ ಬೋಲ್ಟ್ ಸಡಿಲಿಸಿ ಅದನ್ನು ಇಷ್ಟೇ ಇಷ್ಟು ತಿರುಗಿಸಿ ಕೂರಿಸಿದರು. ಹತ್ತು ನಿಮಿಷ. ರಾಡಿಗೂ ಅದಕ್ಕೂ ಈಗ ಎರಡು ಬೆರಳು ಅಂತರ. ನನಗೆ ಕಣ್ಣು ತುಂಬಿಬಂತು. ಬೆವರು ಅಂತ ಒರೆಸಿಕೊಂಡೆ.

ಏಪ್ರಿಲ್ 7

ಎರಡು ವಾರ ಕೆಲಸ ಚೆನ್ನಾಗಿ ಓಡಿತು. ಮೌಂಟು, ಕ್ಲಚ್, ಗಾಳಿ ತಣಿಸುವ ಪೆಟ್ಟಿಗೆ, ವೈರಿಂಗ್. ಆದರೆ ಭಾವ ಎಲ್ಲವನ್ನೂ ಅರ್ಧಕ್ಕೆ ಬಿಡುತ್ತಾರೆ. ಬೋಲ್ಟುಗಳು ಕೈಬಿಗಿ ಅಷ್ಟೇ. ಕೊನೆಯ ಬಿಗಿ ಮಾಡುವುದಿಲ್ಲ. ಕೇಳಿದೆ.

ತುಂಬ ಹೊತ್ತು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡು ಆಮೇಲೆ ಹೇಳಿದರು. ಎರಡು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ರಿಪೇರಿಯಾದ ನರ್ಸಮ್ಮನ ಕಾರಿನ ಕಥೆ. ಆಯಿಲ್ ಹೋಸ್ ಕಳಚಿ ಇಂಜಿನ್ ಜಾಮ್ ಆಗಿ, ಕಾರು ರಸ್ತೆ ನಡುವಿನ ಕಟ್ಟೆಗೆ ಹೊಡೆದು, ಆಕೆಯ ಹೆಗಲ ಮೂಳೆ ಮುರಿದದ್ದು ನನಗೆ ಗೊತ್ತಿತ್ತು. ಯಾಕೆ ಕಳಚಿತು ಅಂತ ಗೊತ್ತಿರಲಿಲ್ಲ. ಬಿಗಿ ಮಾಡಿದ ಪ್ರತಿಯೊಂದರ ಮೇಲೂ ಬಿಳಿ ಪೇಂಟಿನ ಗೆರೆ ಎಳೆಯುವುದು ಭಾವನ ಪದ್ಧತಿ. ಆವತ್ತು ಅವಸರದಲ್ಲಿ ಗೆರೆಗಳನ್ನೆಲ್ಲ ಮೊದಲೇ ಎಳೆದುಬಿಟ್ಟಿದ್ದರು, ಆಮೇಲೆ ಬಿಗಿ ಮಾಡುತ್ತ ಬಂದರು. ನಡುವೆ ಯಾರೋ ಕರೆದರು. ವಾಪಸ್ ಬಂದು ನೋಡಿದರೆ ಎಲ್ಲದರ ಮೇಲೂ ಗೆರೆ ಇದೆ. ಮುಗಿದಿದೆ ಅಂತ ಬಾನೆಟ್ ಹಾಕಿದರು. ಆಯಿಲ್ ಹೋಸಿನ ಕ್ಲಿಪ್ ಸಡಿಲವಾಗಿಯೇ ಉಳಿದಿತ್ತು.

"ಆಕೆ ಬೈಯಲಿಲ್ಲ ಗೊತ್ತಾ? ವಾಸಿಯಾದ ಮೇಲೆ ಮತ್ತೆ ಕಾರು ತಂದ್ರು ನನ್ನ ಹತ್ರಾನೇ. ನಾನೇ ವಾಪಸ್ ಕಳಿಸಿದೆ. ಕ್ಲಿಪ್ ಸಡಿಲ ಇದ್ದದ್ದಲ್ಲ ನನ್ನ ಕಾಡೋದು. ನನ್ನ ಗೆರೇನೇ ನನಗೆ ಸುಳ್ಳು ಹೇಳಿತಲ್ಲ."

ಚಹಾ ಆರಿಹೋಯಿತು.

ಏಪ್ರಿಲ್ 14, ಬೆಳಗ್ಗೆ 11

ಕ್ಲಾಸಿನ ನಡುವೆ ಹೊಳೆಯಿತು. ಟೈಲರಮ್ಮ ಗೋಡೆಗೆ ಹೋದರು, ನಾನು ಬ್ರೇಕ್ ಒತ್ತಿದೆ. ದಿನಕ್ಕೆ ಹತ್ತು ಸಲ ಒತ್ತುತ್ತೇನೆ, ಯಾರಿಗೂ ಅವಮಾನವಿಲ್ಲ. ಇಬ್ಬರು ಕೂರುವುದೇ ಅದಕ್ಕೆ. ಕ್ಲಾಸ್ ಮುಗಿಸಿ ನೇರ ಶೆಡ್ಡಿಗೆ.

"ಭಾವ, ನೀವು ಬಿಗಿ ಮಾಡಿ. ನಾನು ನೋಡಿ ಗೆರೆ ಎಳೀತೀನಿ."

"ನಿನಗೇನು ಗೊತ್ತು?"

"ಏನೂ ಗೊತ್ತಿಲ್ಲ. ಅದಕ್ಕೇ ಒಂದೂ ಬಿಡದೆ ಮುಟ್ಟಿ ನೋಡ್ತೀನಿ."

ಯೋಚಿಸಿದರು. ಮೂಲೆಯ ಡಬ್ಬದಿಂದ ಬಿಳಿ ಪೇಂಟ್ ತೆಗೆದರೆ ಒಣಗಿ ಕಲ್ಲಾಗಿದೆ. ಅಂಗಡಿಗೆ ಓಡಿದೆ.

ಏಪ್ರಿಲ್ 20, ಶನಿವಾರ

ಎಂಬತ್ತಾರು ಗೆರೆ. ಎಂಬತ್ತೇಳನೆಯದು ಟರ್ಬೊದಿಂದ ಕೆಳಗಿಳಿಯುವ ಆಯಿಲ್ ಹೋಸಿನ ಕ್ಲಿಪ್. ಮುಟ್ಟಿದೆ — ತಿರುಗಿತು. ಸಡಿಲ.

ಭಾವ ಆಚೆ ರೇಡಿಯೇಟರಿಗೆ ನೀರು ತುಂಬುತ್ತಿದ್ದರು. ಸಣ್ಣಗೆ ಶಿಳ್ಳೆ ಬೇರೆ. ಎರಡು ವರ್ಷದ ಮೇಲೆ ಶಿಳ್ಳೆ. ಅದನ್ನು ನಿಲ್ಲಿಸಲು ಮನಸ್ಸಾಗಲಿಲ್ಲ. ನಾನೇ ಸ್ಕ್ರೂ ತಿರುಗಿಸಿ ಬಿಗಿ ಮಾಡಿ ಗೆರೆ ಎಳೆದೆ. ಯಾರಿಗೂ ನಷ್ಟವಿಲ್ಲ.

ಎಳೆದ ಗೆರೆ ಸುಳ್ಳಲ್ಲ, ಕ್ಲಿಪ್ ಬಿಗಿಯಾಗಿಯೇ ಇದೆ. ಆದರೂ ಸುಳ್ಳೇ.

ಏಪ್ರಿಲ್ 21

ಇಂಜಿನ್ ಚಾಲೂ ಮಾಡುವ ದಿನ. ಅಕ್ಕ ಸೀರೆ ಬದಲಾಯಿಸಿ ನಿಂತಿದ್ದಳು. ಭಾವ ಕೀಲಿಗೆ ಕೈ ಹಾಕಿದಾಗ ನನ್ನಿಂದ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಎಂಬತ್ತೇಳನೆಯದು ಸಡಿಲ ಇತ್ತು, ನಾನು ಬಿಗಿ ಮಾಡಿದೆ, ನಿನ್ನೆ ಹೇಳಲಿಲ್ಲ.

ಭಾವ ಕೀಲಿ ತೆಗೆದರು. ಬೆಂಚಿನ ಮೇಲಿಟ್ಟರು. ಒಳಗೆ ಹೋದರು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ 1

ಕ್ಲಾಸ್. ಕ್ಲಾಸ್. ಅಕ್ಕನಿಗೆ ಫೋನ್ ಮಾಡಿದೆ. "ಕೂತಿದ್ದಾರೆ" ಅಂದಳು, ಅಷ್ಟೇ.

ಮೇ 4, ಸಂಜೆ

ಭಾವನೇ ಫೋನ್ ಮಾಡಿದರು. "ನಾಳೆ ಬಾ. ಹಳೇ ಬಟ್ಟೆ ಹಾಕ್ಕೊಂಡು ಬಾ."

ಮೇ 5

ಶೆಡ್ಡಿನ ಎರಡೂ ಬಾಗಿಲು ತೆರೆದಿದ್ದವು. ಭಾವ ಬಾನೆಟ್ ಕೆಳಗೆ. ತಲೆ ಎತ್ತದೆ ಕೇಳಿದರು:

"ಆ ಕ್ಲಿಪ್ ಸಡಿಲ ಇರೋದು ನಿನಗೆ ಗೊತ್ತಾಗಿದ್ದು ಯಾವಾಗ?"

"ಶನಿವಾರ."

"ಗಾಡಿ ರಸ್ತೆಗಿಳಿಯೋ ಮುಂಚೆ ತಾನೆ?"

"ಹೌದು."

"ಹಾಗಿದ್ರೆ ಪದ್ಧತಿ ಸರಿಯಾಗೇ ನಡೀತಿದೆ. ಇದು ತಲೆಗೆ ಹೋಗೋಕೆ ನನಗೆ ಎರಡು ವಾರ ಬೇಕಾಯ್ತು ನೋಡು. ಆದ್ರೆ ನೀನು ಬಚ್ಚಿಟ್ಟಿದ್ದು ತಪ್ಪು. ಇನ್ನೊಂದ್ಸಲ ಸಡಿಲ ಸಿಕ್ರೆ ಊರಿಗೆಲ್ಲ ಕೇಳೋ ಹಾಗೆ ಕೂಗಬೇಕು."

"ಕೂಗ್ತೀನಿ."

"ಮತ್ತೆ, ನನ್ನ ಕೆಲಸ ನೀನು ನೋಡಿದೆ. ನಿನ್ನ ಕೆಲಸ ಯಾರು ನೋಡಿದ್ರು? ನೋಡಿದೀನಿ. ಆ ಕ್ಲಿಪ್ ನೀನು ಕತ್ತು ಹಿಸುಕಿದ ಹಾಗೆ ಬಿಗಿ ಮಾಡಿದ್ದೆ, ಹೋಸೇ ಕತ್ತರಿಸಿಹೋಗಿತ್ತು. ಬದಲಾಯಿಸಿದೀನಿ. ಹೂಂ, ಬಾ, ಗೆರೆ ಎಳಿ."

ನಾಚಿಕೆಗೆ ನಗು ಬಂತು. ಅವರೂ ನಕ್ಕರು. ಸದ್ದಿಲ್ಲದ ನಗು, ಹೊಟ್ಟೆ ಮಾತ್ರ ಕುಣಿಯುವುದು. ಮರೆತೇಹೋಗಿತ್ತು ನನಗೆ ಅದು.

ಮೊದಲು ಪೆಟ್ರೋಲ್ ಹೋಗದಂತೆ ಮಾಡಿ ಬರೀ ತಿರುಗಿಸಿದರು, ಟರ್ಬೊ ತನಕ ಆಯಿಲ್ ಏರಲಿ ಅಂತ. ಮೀಟರಿನ ಮುಳ್ಳು ಎದ್ದಿತು. ಆಮೇಲೆ ನಿಜವಾದ ಕೀಲಿ. ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿದುಕೊಂಡಿತು. ಭಾವ ಕಣ್ಣು ಮುಚ್ಚಿ ಕಿವಿಗೊಟ್ಟರು. ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು.

"ಹೇಗಿದೆ ರೀ?"

"ಇರು, ಕೇಳ್ತಿದೀನಿ."

ಹೊಗೆ ಇಲ್ಲ. ಸೋರಿಕೆ ಇಲ್ಲ. ನನಗೆ ಇವತ್ತು ತುಂಬ ಸಂತೋಷವಾಗಿದೆ.

ಮೇ 12, ಬೆಳಗ್ಗೆ 9.40

ಒಂದು ವಾರ ನಿಂತಲ್ಲೇ ಓಡಿಸಿ ನೋಡಿದ್ದಾಯಿತು. ಇವತ್ತು ರಸ್ತೆ. ಕೀಲಿಯನ್ನು ಭಾವನ ಕೈಗೇ ಕೊಟ್ಟೆ. ಕಾರು ಗೇಟಿನ ಹೊರಗೆ ನಿಂತು ಬೆಚ್ಚಗಾಗುತ್ತಿದೆ. ನಾನು ಪಕ್ಕದ ಸೀಟಿನಲ್ಲಿ, ಮೊಣಕಾಲ ಮೇಲೆ ಡೈರಿ. ಕಾಲ ಬುಡದಲ್ಲಿ ಬ್ರೇಕ್ ಇಲ್ಲ. ಪರವಾಗಿಲ್ಲ.

ಭಾವ ಇಳಿದು ಟೈರಿನ ಗಾಳಿ ನೋಡುತ್ತಿದ್ದಾಗ ಬೇಕರಿಯವರ ವ್ಯಾನ್ ಬಂದು ನಿಂತಿತು. ಕೆಟ್ಟ ಸದ್ದು, ಡಬ್ಬದಲ್ಲಿ ಕಲ್ಲು ಕುಲುಕಿದ ಹಾಗೆ. ಬೇಕರಿಯವರು ಅನುಮಾನಿಸುತ್ತ ಕೇಳಿದರು: "ನೀವು ಈಗ ಕೆಲಸ ಮಾಡಲ್ಲ ಅಂತ ಗೊತ್ತು. ಸುಮ್ನೆ ಒಂದ್ಸಲ ಕಿವಿ ಕೊಟ್ಟು ಹೇಳ್ತೀರಾ, ಏನಾಗಿರಬಹುದು ಅಂತ?"

ಭಾವ ವ್ಯಾನ್ ಸುತ್ತ ಒಂದು ಸುತ್ತು ಬಂದರು. ಬಗ್ಗಿದರು. ಎದ್ದರು.

"ಈಗ ನಾವು ಹೊರಟಿದ್ದೀವಿ. ನಾಳೆ ಒಂಬತ್ತಕ್ಕೆ ತನ್ನಿ. ನಾನು ಮಾಡ್ತೀನಿ, ನಮ್ಮ ಭಾಮೈದ ನೋಡ್ತಾನೆ. ಇಬ್ರೂ ಒಪ್ಪಿದ ಮೇಲೇ ಗಾಡಿ ಆಚೆ ಹೋಗೋದು."

ನಾಳೆ ಒಂಬತ್ತಕ್ಕೆ ನನಗೆ ಟೈಲರಮ್ಮನ ಕ್ಲಾಸ್ ಇದೆ. ಹೇಗಾದರೂ ಮಾಡಿ ಅದನ್ನು ಹನ್ನೊಂದಕ್ಕೆ... ಭಾವ ಬಂದು ಕೂತರು. ಬೆಲ್ಟ್ ಹಾಕ್ಕೋ ಅನ್ನುತ್ತಿದ್ದಾರೆ, ನನಗೆ. ಮೊದಲ ಗೇರ್. ಅಕ್ಷರ ಅಲುಗಾಡುತ್ತಿ—