ಹೊಗೆ ಟೆಸ್ಟು ಪಾಸಾದ ದಿನ

ಕಡೂರು,
14-11-2024, ಗುರುವಾರ

ಚಿ. ಸೌ. ನಿಖಿತಾಳಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದ. ಹೇಗಿದ್ದೀಯಮ್ಮ? ಹೃಷಿಕೇಶ ಹೇಗಿದ್ದಾರೆ? ಅಜ್ಜಂಪುರದಲ್ಲಿ ನಿಮ್ಮ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಚೆನ್ನಾಗಿ ನಡೀತಿದೆ ಅಂತ ಕೇಳಿದೀನಿ. ಬಗ್ಗಿ ಬಗ್ಗಿ ಕೆಲಸ ಮಾಡ್ತೀಯ, ಸೊಂಟ ಜೋಪಾನ. 'ಸೌ.' ಅಂತ ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಬರೆದೆ. ಬೇರೆ ಜಾತಿಯವನ ಕೈ ಹಿಡಿದವಳು ನನ್ನ ಮಗಳೇ ಅಲ್ಲ ಅಂದ ಬಾಯಿ ಇದೇ. ಫೋನಿನಲ್ಲಿ ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿಬಿಡ್ತೀನಿ, ಅದಕ್ಕೇ ಕಾಗದ.

ನಿನ್ನ ಅಮ್ಮ ಹಿತ್ತಲಲ್ಲಿ ನಿಂತು ನಿನಗೆ ಫೋನ್ ಮಾಡ್ತಾಳೆ ಅಂತ ಗೊತ್ತು. ಗೊತ್ತಿಲ್ಲದವನ ಹಾಗೆ ಇರ್ತೀನಿ. ಆದರೆ ಅವಳು ನಿನಗೆ ಹೇಳದೇ ಇರೋದು ಒಂದಿದೆ. ಜೂನ್‌ನಲ್ಲಿ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾಯ್ತು. ಕ್ಯಾನ್ಸರ್. ಆಗಿನಿಂದ ಮೂರು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸ್ತಿದ್ದೆ, ನಮ್ಮ ಅಂಬಾಸಿಡರಿನಲ್ಲೇ. ಬೇರೆ ಕಾರಿನಲ್ಲಿ ಅವಳಿಗೆ ಕಾಲು ಚಾಚಿ ಮಲಗಕ್ಕಾಗಲ್ಲ.

ನೀನು ಡಿಪ್ಲೊಮಾ ಓದುವಾಗ ನಾವಿಬ್ಬರೂ ಸೇರಿ ಅದರ ಪೆಟ್ರೋಲ್ ಇಂಜಿನ್ ಇಳಿಸಿ, ಹಳೇ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದೆವಲ್ಲ. ಆರ್.ಸಿ.ಯಲ್ಲೂ ಬರೆಸಿದೆವು. ಮದುವೆ ಬಾಡಿಗೆಗೆ ಹೋದಾಗ ಏರು ಚೆನ್ನಾಗಿ ಹತ್ತಲಿ ಅಂತ ನಾನು ಡೀಸೆಲ್ ಪಂಪಿನ ಸ್ಕ್ರೂ ಅರ್ಧ ಸುತ್ತು ಹೆಚ್ಚು ತಿರುಗಿಸಿದ್ದೆ. "ಡೀಸೆಲ್ ಜಾಸ್ತಿ ಹೋಗ್ತಿದೆ ಅಪ್ಪಾ, ಹೊಗೆ ನೋಡು, ವಾಪಸ್ ತಿರುಗಿಸು" ಅಂತ ನೀನು ಅವತ್ತೇ ಹೇಳಿದೆ. "ಮೂವತ್ತು ವರ್ಷ ಬಸ್ ಓಡಿಸಿದವನಿಗೆ ನೀನು ಹೇಳಿಕೊಡಬೇಡ" ಅಂದುಬಿಟ್ಟೆ.

ಹೋದ ತಿಂಗಳು ಭದ್ರಾವತಿ ಹತ್ತಿರ ಪೊಲೀಸಿನವರು ಹಿಡಿದು, ಎಮಿಷನ್ ಸರ್ಟಿಫಿಕೇಟ್ ಇಲ್ಲದೆ ಇನ್ನೊಮ್ಮೆ ಕಂಡರೆ ಗಾಡಿ ಠಾಣೆಗೆ ಅಂದರು. ವಾಪಸ್ ಬರುವಾಗ ತರೀಕೆರೆಯಲ್ಲಿ ಟೆಸ್ಟ್ ಮಾಡಿಸಿದೆ. ಸೈಲೆನ್ಸರಿಗೆ ಪೈಪ್ ತೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಂದರು. ಹೊಗೆಯ ಅಂಕಿ ಅರವತ್ತೈದರ ಒಳಗೆ ಬರಬೇಕಿತ್ತು, ಎಂಬತ್ತೆಂಟು ಬಂತು. ಟೆಸ್ಟ್ ಮಾಡುವಾತ ಮೆತ್ತಗೆ, "ಬಿಡಿ ಯಜಮಾನ್ರೇ, ಬೇರೆ ಗಾಡಿಗೆ ಪೈಪ್ ಹಾಕಿ ನಿಮ್ಮ ನಂಬರಿಗೆ ಸರ್ಟಿಫಿಕೇಟ್ ತೆಗೆದುಕೊಡ್ತೀನಿ" ಅಂದ. ಹೂಂ ಅನ್ನೋಣ ಅಂತಲೇ ಇದ್ದೆ. ಹಿಂದಿನ ಸೀಟಲ್ಲಿ ನಿನ್ನ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ದಾರಿಯಲ್ಲಿ ಅವಳಿಗೆ ವಾಂತಿ ಆಗೋದು ಇಂಜೆಕ್ಷನ್‌ನಿಂದ ಅಂದುಕೊಂಡಿದ್ದೆ. "ಹೊಗೇನೂ ಒಳಗೆ ಬರುತ್ತೆ ಕಣ್ರೀ, ನೀವು ಬೇಜಾರು ಮಾಡ್ಕೋತೀರಿ ಅಂತ ಹೇಳಲಿಲ್ಲ" ಅಂದಳು. ನನಗೆ ಬರೀ ಸರ್ಟಿಫಿಕೇಟ್ ಬೇಡ, ಹೊಗೆ ಹೋಗಬೇಕು ಅಂತ ಆತನಿಗೆ ಹೇಳಿ ಬಂದೆ.

ಮನೆಯಲ್ಲಿ ಏರ್ ಫಿಲ್ಟರ್ ತೊಳೆದೆ, ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ ಸರ್ವಿಸ್ ಮಾಡಿಸಿದೆ. ಆ ಸ್ಕ್ರೂ ಮಾತ್ರ ಮುಟ್ಟಲಿಲ್ಲ. ಮೊನ್ನೆ ಮಂಗಳವಾರ ಮತ್ತೆ ಟೆಸ್ಟಿಗೆ ಹೋದರೆ ಎಪ್ಪತ್ತೆರಡು. ಆಗ ಅಲ್ಲೇ ಬಾನೆಟ್ ಎತ್ತಿ ನೀನು ಹೇಳಿದಷ್ಟೇ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದೆ. ಐವತ್ತೊಂದು ಬಂತು. ನೀನು ಹೇಳಿದ್ದೇ ಸರಿ ಇತ್ತು ಕಣಮ್ಮ.

ಅಲ್ಲಿಂದ ನೇರ ಶಿವಮೊಗ್ಗಕ್ಕೆ ಹೋದೆವು. ದಾರಿಯಲ್ಲಿ ಒಂದು ಸಲವೂ ವಾಂತಿ ಆಗಲಿಲ್ಲ. ಎದ್ದು ಕೂತು ಕಿಟಕಿ ಇಳಿಸಿಕೊಂಡು, ತೋಟ ಗದ್ದೆ ನೋಡ್ತಾ ಬಂದಳು. ಡಾಕ್ಟರು ಸ್ಕ್ಯಾನ್ ನೋಡಿ, ನನ್ನೊಬ್ಬನನ್ನೇ ಒಳಗೆ ಕರೆದು, ಇನ್ನು ಇಂಜೆಕ್ಷನ್ ಬೇಡ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತೆ. ಡಾಕ್ಟರು ಅಷ್ಟು ದಿನ ಹೇಳಲಿಲ್ಲ. ಅವಳಿಗೆ ನಾನು ತಿಳಿಸಿಲ್ಲ. ಅವಳೂ ಕೇಳಿಲ್ಲ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ಅವರು ಬೇಡ ಅನ್ನದಿದ್ದರೆ. ಇಬ್ಬರೂ ತಣ್ಣಗಿರಿ.

ನಿನ್ನ ಅಪ್ಪ,
ಷಣ್ಮುಖಪ್ಪ

ತಾ.ಕ.: ಮೊನ್ನೆ ಮಂಗಳವಾರ ಶಿವಮೊಗ್ಗದಿಂದ ವಾಪಸ್ ಬರುವಾಗ ತರೀಕೆರೆಯಲ್ಲಿ ನಿನ್ನ ಅಮ್ಮ "ಅಜ್ಜಂಪುರದ ಕಡೆ ತಿರುಗಿಸ್ರೀ" ಅಂದಳು. ತಿರುಗಿಸಿದೆ. ನಿಮ್ಮ ಅಂಗಡಿಯೆದುರು, ರಸ್ತೆಯಾಚೆ ಕಾಲು ಗಂಟೆ ನಿಂತಿದ್ದೆವು. ನೀನು ಬೆನ್ನು ಮಾಡಿಕೊಂಡು ಕೆಲಸದಲ್ಲಿದ್ದೆ. ಅವಳಿಗೆ ಒಬ್ಬಳೇ ಇಳಿಯಕ್ಕೆ ಶಕ್ತಿಯಿಲ್ಲ, ನನಗೆ ಇಳಿಯುವ ಧೈರ್ಯ ಬರಲಿಲ್ಲ. ಕಾರು ಹೊರಡಿಸಿಬಿಟ್ಟೆ. ಅಂಗಡಿ ಮರೆಯಾಗುವವರೆಗೂ ಅವಳು ಹಿಂದಿನ ಗಾಜಿನಲ್ಲಿ ನೋಡ್ತಿದ್ದಳು. ಬರುವ ಬುಧವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಬರ್ತೀವಿ, ನಾನೇ ಇಳಿದು ಬಂದು ಕರೀತೀನಿ. ಅಷ್ಟರೊಳಗೆ ಈ ಕಾಗದ ಸಿಕ್ಕಿದರೆ ಬುಧವಾರಕ್ಕೆ ಕಾಯಬೇಡ, ಬಂದುಬಿಡಮ್ಮ.