ಮನ್ರೋವಿಯಾದಲ್ಲಿ ಸರಿದು ಕೂತದ್ದು

ಪ್ಲೇನ್ಸ್‌ಬರೋ, ನ್ಯೂಜೆರ್ಸಿ
ಅಕ್ಟೋಬರ್ ೧೭, ೨೦೦೦, ಮಂಗಳವಾರ

ಚಿರಂಜೀವಿ ಬಸವಾ,

ನಿನ್ನ ಅವ್ವ ಕಾಶಿಬಾಯಿ ಮಾಡುವ ಆಶೀರ್ವಾದಗಳು. ಮೈಯಲ್ಲಿ ಆರಾಮ ಇದ್ದೀಯಾ? ಮಲೇರಿಯಾ ಗುಳಿಗೆ ತಪ್ಪದೆ ನುಂಗುತ್ತಿದ್ದೀಯೋ ಇಲ್ಲವೋ? ನಿನ್ನ ಅಕ್ರಾ ಮನೆಯ ಫ್ರಿಜ್ಜಿನ ಮೇಲೆ ಆ ಡಬ್ಬಿ ಸೀಲು ಒಡೆಯದೆ ಕೂತಿದ್ದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ, ಸುಳ್ಳು ಹೇಳಬೇಡ. ನಾನು ಕೊಟ್ಟು ಬಂದ ಶೇಂಗಾ ಚಟ್ನಿಪುಡಿ ನಿನ್ನ ಬಾಯಿಗೆ ಬಿತ್ತೋ, ಎಲ್ಲ ಕೋಫಿಯೇ ಮುಗಿಸಿದನೋ? ಅವನು ಅದನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, ಇನ್ನಷ್ಟು ಹಾಕಿರಿ ಎಂದು ಕೈಯೊಡ್ಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಒಳ್ಳೆಯ ಹುಡುಗ. ನಿನ್ನ ಪಕ್ಕದಲ್ಲಿ ಕೂತು ವಿಮಾನ ಹಾರಿಸುವವನು ಹೊಟ್ಟೆ ತುಂಬ ಉಂಡಿರಲಿ.

ಇಲ್ಲಿ ಎಲ್ಲರೂ ಕ್ಷೇಮ. ಅಕ್ಷಯಾ ಬೆಳಿಗ್ಗೆ ಕಾರು ತೆಗೆದುಕೊಂಡು ಹೋದರೆ ಮನೆ ಸೇರುವುದು ಕತ್ತಲಾದ ಮೇಲೆಯೇ. ನಿನ್ನ ಹೆಂಡತಿ ಮೈಸೂರಿನವಳಾದರೂ ನನ್ನ ಸಲುವಾಗಿ ಜೋಳದ ಹಿಟ್ಟು ಹುಡುಕಿಕೊಂಡು ಓಲ್ಡ್ ಬ್ರಿಡ್ಜ್‌ವರೆಗೆ ಹೋಗಿ ಬಂದಳು. ನಾನು ರೊಟ್ಟಿ ಸುಟ್ಟರೆ ಛಾವಣಿಯ ಹೊಗೆ ಅಲಾರಂ ಬಡಕೊಳ್ಳುತ್ತದೆ, ಅವಳು ಟವೆಲ್ಲು ಬೀಸುತ್ತ ನಿಲ್ಲುತ್ತಾಳೆ. ಅತ್ತೆ ಸೊಸೆ ಇಬ್ಬರೂ ಸೇರಿ ಈ ಅಪಾರ್ಟ್‌ಮೆಂಟಿನವರಿಗೆ ಒಳ್ಳೆಯ ತಮಾಷೆ ಕೊಡುತ್ತಿದ್ದೇವೆ. ಇಲ್ಲಿ ಎಲ್ಲರ ಬಾಯಲ್ಲೂ ಪ್ರಾಜೆಕ್ಟು, ಗ್ರೀನ್ ಕಾರ್ಡು. ನಿನ್ನ ಹಳೆಯ ಮ್ಯಾನೇಜರ್ ಇನ್ನೂ ಫೋನ್ ಮಾಡುತ್ತಾನೆ, ಬಸವ ಹೂಂ ಅಂದರೆ ನಾಳೆಯೇ ಸೇರಿಸಿಕೊಳ್ಳುತ್ತೇನೆ ಅಂತ. ಹೆದರಬೇಡ, ಆ ಮಾತು ಎತ್ತಲು ಈ ಕಾಗದ ಬರೆಯುತ್ತಿಲ್ಲ. ಕಂಪ್ಯೂಟರ್ ಬಿಟ್ಟು ಪೈಲಟ್ ಆಗುತ್ತೇನೆ ಎಂದು ನೀನು ಹೇಳಿದಾಗ ಬಳಗವೆಲ್ಲ ತಲೆ ಕೆಟ್ಟಿದೆಯಾ ಎಂದಿತು, ಹೂಂ ಎಂದವಳು ನಾನೊಬ್ಬಳೇ. ಇನ್ನೊಂದು ವರ್ಷ ಆಫ್ರಿಕಾದಲ್ಲಿ ಹಾರಿಸಿದರೆ ಇಲ್ಲಿಯ ದೊಡ್ಡ ವಿಮಾನ ಕಂಪನಿಗಳು ತೆಗೆದುಕೊಳ್ಳುತ್ತವೆ ಎಂಬ ನಿನ್ನ ಲೆಕ್ಕವೂ ನನಗೆ ಗೊತ್ತಿದೆ.

ಕೀರ್ತಿಗೆ ನನ್ನ ಆಫ್ರಿಕಾ ಪುರಾಣ ಎಷ್ಟು ಹೇಳಿದರೂ ಸಾಲದು. ಅಕ್ರಾ, ಅಬಿಜಾನ್, ಮನ್ರೋವಿಯಾ, ಫ್ರೀಟೌನ್, ಬಾಂಜುಲ್, ಡಾಕಾರ್ ಎಂದು ನಿನ್ನ ಮಗಳು ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಏನೂ ತೊಂದರೆಯಿಲ್ಲ. ಮುಂಬೈಯಿಂದ ನೇರ ಇಲ್ಲಿಗೆ ಬರಬೇಕಾದವಳನ್ನು ನೀನು ‘ಕ್ಯಾಪ್ಟನ್ ಆಗೀನಿ ಅವ್ವಾ, ನನ್ನ ವಿಮಾನದಾಗ ಒಮ್ಮೆ ಕುಂದ್ರು ಬಾ’ ಎಂದು ಅಕ್ರಾಕ್ಕೆ ಕರೆಸಿಕೊಂಡದ್ದು. ಊರೂರಿಗೆ ಇಳಿಯುತ್ತ ಡಾಕಾರ್‌ವರೆಗೆ ತಂದು, ಅಲ್ಲಿ ನ್ಯೂಯಾರ್ಕ್ ವಿಮಾನ ಹತ್ತಿಸಿದ್ದು. ಹತ್ತೊಂಬತ್ತು ಸೀಟಿನ ಆ ಪುಟ್ಟ ವಿಮಾನದಲ್ಲಿ ಸೀಟಿಗೆ ನಂಬರಿಲ್ಲ, ಓಡಿ ಹೋಗಿ ಕರವಸ್ತ್ರ ಹಾಕಿದವರದೇ ಜಾಗ ಎಂಬುದು. ಪ್ರತಿ ಊರಲ್ಲೂ ಎಲ್ಲರೂ ಕೆಳಗಿಳಿದು, ನೆಲದ ಮೇಲೆ ಇಟ್ಟ ಗಂಟುಮೂಟೆಯಲ್ಲಿ ತಮ್ಮದನ್ನು ಬೆರಳು ಮಾಡಿ ತೋರಿಸಬೇಕು, ತೋರಿಸದಿದ್ದರೆ ಅದು ಅಲ್ಲೇ ಬಿತ್ತು ಎಂಬುದು. ಒಬ್ಬಾಕೆಯ ಬುಟ್ಟಿಯೊಳಗಿಂದ ಹುಂಜ ಕೂಗಿದ್ದು. ಪಕ್ಕದ ಸಾಲಿನ ಮುದುಕ ನನ್ನ ಹಣೆಯ ವಿಭೂತಿ ನೋಡಿ ನೀವು ಪಾದ್ರಿಯೇ ಎಂದು ಕೇಳಿದ್ದು. ‘ಡ್ಯಾಡೀಸ್ ಪ್ಲೇನ್ ಈಸ್ ಜಸ್ಟ್ ಲೈಕ್ ಮೈ ಸ್ಕೂಲ್ ಬಸ್!’ ಎಂದು ಕೀರ್ತಿ ಕುಣಿಯುತ್ತಾಳೆ. ಅಕ್ಷಯಾ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕಥೆ ಅಬಿಜಾನ್ ಮುಗಿಸಿತೆಂದರೆ ನಾನು ನೇರ ಫ್ರೀಟೌನಿಗೆ ಜಿಗಿಯುತ್ತೇನೆ. ಮೊನ್ನೆ ಕೀರ್ತಿ ಹಿಡಿದುಬಿಟ್ಟಳು, ‘ಯೂ ಸ್ಕಿಪ್ಡ್ ಒನ್, ಅಜ್ಜಿ’ ಎಂದಳು. ಅಲ್ಲಿ ಏನೂ ನಡೆಯಲಿಲ್ಲ ಪುಟ್ಟಾ ಎಂದೆ.

ಏನೂ ನಡೆಯಲಿಲ್ಲವೇ ಬಸವಾ? ಮನ್ರೋವಿಯಾದಲ್ಲಿ ಸೀಟು ತುಂಬಿದ ಮೇಲೂ ನಿಮ್ಮ ಕಂಪನಿಯ ಏಜೆಂಟ್ ಒಬ್ಬ ಹೆಣ್ಣುಮಗಳನ್ನು ಮೆಟ್ಟಿಲವರೆಗೆ ಕಳಿಸಿದ್ದ. ಕೈಯಲ್ಲಿ ಟಿಕೆಟ್ಟಿದೆ, ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮಗು, ಮಗುವಿನ ಒಂದು ಕಣ್ಣಿಗೆ ಪಟ್ಟಿ. ಡಾಕಾರ್‌ನಲ್ಲಿ ಆಪರೇಷನ್ ಇದೆ ಎಂದು ಕೋಫಿಯ ಮುಂದೆ ಕೈ ಮುಗಿಯುತ್ತಿದ್ದಳು. ಅವನು ಇಳಿಯಮ್ಮಾ ಎನ್ನಲಾರದೆ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಇಳಕಲ್ಲಿನಿಂದ ಹುನಗುಂದದ ಶಾಲೆಗೆ ಬಸ್ಸಿನಲ್ಲಿ ಓಡಾಡಿದವಳು ನಾನು. ಎದುರಿಗೆ ಬಸುರಿಯೋ ಬಾಣಂತಿಯೋ ನಿಂತರೆ ನನ್ನ ಮೈ ತಾನಾಗಿ ಕಿಟಕಿಯ ಕಡೆಗೆ ಸರಿಯುತ್ತದೆ, ಬುದ್ಧಿಯನ್ನು ಕೇಳುವುದೇ ಇಲ್ಲ. ಸರಿದೆ. ಪಕ್ಕದವಳನ್ನೂ ಕೈಸನ್ನೆ ಮಾಡಿ ಸರಿಸಿದೆ. ಇಬ್ಬರ ಸೀಟಿನಲ್ಲಿ ಮೂವರು ಕೂತೆವು, ಮಗು ನನ್ನ ತೊಡೆಗೆ ಬಂತು. ಹಿಂದೆ ಏಜೆಂಟ್ ಹೇರಿಸಿದ ಒಣಮೀನಿನ ಮೂಟೆ, ಎಣ್ಣೆಯ ಡಬ್ಬಿಗಳು ಬಾಗಿಲವರೆಗೆ ತುಂಬಿದ್ದವು. ಕೋಫಿ ನಿನ್ನ ಹತ್ತಿರ ಬಂದು ‘ಕ್ಯಾಪ್ಟನ್, ದ ಬ್ಯಾಗ್ಸ್’ ಎಂದ. ನೀನು ಎದ್ದು ಬಂದು ಮೂಟೆ ನೋಡಿದೆ, ನನ್ನನ್ನು ನೋಡಿದೆ. ನೀನು ಮೂಟೆಗಳನ್ನು ಇಳಿಸುತ್ತೀಯ ಎಂದುಕೊಂಡೆ. ನೀನು ‘ಹುನಗುಂದ ಬಸ್ ಮಾಡಿಬಿಟ್ಟಿಯಲ್ಲ ಅವ್ವಾ’ ಎಂದು ನಕ್ಕು ಹೋಗಿ ಬಾಗಿಲು ಹಾಕಿಸಿದೆ.

ಆಮೇಲಿನದು ನಿನಗೂ ಗೊತ್ತು, ಆದರೆ ನಿನಗೆ ಕಂಡದ್ದು ಮುಂದಿನ ಗಾಜಿನಿಂದ. ನನಗೆ ಕಂಡದ್ದನ್ನು ಹೇಳುತ್ತೇನೆ ಕೇಳು. ವಿಮಾನ ಓಡಿತು, ಓಡಿತು, ಓಡುತ್ತಲೇ ಇತ್ತು. ಉಳಿದ ಊರುಗಳಲ್ಲಿ ನೆಲ ಬಿಡುವ ಹೊತ್ತು ಬಂತು ಎಂದು ಹೊಟ್ಟೆಗೇ ತಿಳಿಯುತ್ತಿತ್ತು, ಇಲ್ಲಿ ಆ ಹೊತ್ತು ಕಳೆದೇ ಹೋಯಿತು. ಕಿಟಕಿಯಲ್ಲಿ ಹುಲ್ಲು ಕಂಡಿತು, ಪೊದೆ ಕಂಡಿತು, ಅದರಾಚೆ ನೀರು. ಹುಂಜದ ಬುಟ್ಟಿಯವಳು ಏಸುವಿನ ಹೆಸರು ಕೂಗಿದಳು. ನಾನು ಒಂದು ಕೈಯಲ್ಲಿ ಕೊರಳಿನ ಲಿಂಗ ಹಿಡಿದುಕೊಂಡೆ, ಇನ್ನೊಂದು ಕೈಯಿಂದ ಆ ಮಗುವಿನ ಒಳ್ಳೆಯ ಕಣ್ಣು ಮುಚ್ಚಿದೆ. ಕೆಳಗೆ ಏನೋ ಪರಪರ ಎಂದು ಸವರಿದ ಸದ್ದು. ಎದ್ದಿತು. ದೇವರು ದೊಡ್ಡವನು, ಎದ್ದಿತು. ಫ್ರೀಟೌನಿನಲ್ಲಿ ಇಳಿದಾಗ ಕೋಫಿ ಬಗ್ಗಿ ಗಾಲಿಯಿಂದ ಹಸಿ ಟೊಂಗೆ ಎಳೆದು ತೆಗೆಯುತ್ತಿದ್ದ. ನಾನು ನಿನ್ನ ಮುಖ ನೋಡಿದೆ. ನೀನು ಬೆವರು ಒರೆಸಿಕೊಳ್ಳುತ್ತ, ಗಾಳಿಗೆ ಬಂದದ್ದು ಎಂದೆ. ಸಣ್ಣವನಿದ್ದಾಗ ಗಾಜಿನ ಭರಣಿ ಒಡೆದು ಬೆಕ್ಕಿನ ಮೇಲೆ ಹಾಕಿದಾಗಲೂ ಇದೇ ಮುಖ ಮಾಡಿದ್ದೆ, ಭಾಡ್ಯಾ!

ಡಾಕಾರ್‌ನಲ್ಲಿ ನೀನು ಕಾಲಿಗೆ ಬಿದ್ದು, ನನ್ನ ಕೈ ಹಿಡಿದು, ‘ಮನ್ರೋವಿಯಾದ್ದು ಅಕ್ಷಯಾಗ ಹೇಳಬ್ಯಾಡ ಅವ್ವಾ, ಸುಮ್ಮನ ಹೆದರ್ತಾಳ. ಇಲ್ಲಿ ಎಲ್ಲಾರೂ ಹಿಂಗ ಹಾರಸ್ತಾರ. ಮೂಟಿ ಇಳಸಂದ್ರ ಏಜೆಂಟ್ ನಾಳೆ ಬ್ಯಾರೆ ಪೈಲಟ್ ತರ್ತಾನ’ ಎಂದೆ. ನಾನು ವಚನ ಕೊಟ್ಟೆ. ಮಗ ಕಾಲಿಗೆ ಬಿದ್ದಾಗ ಯಾವ ತಾಯಿ ಒಲ್ಲೆ ಎನ್ನುತ್ತಾಳೆ? ಅಂದಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ ಬಸವಾ. ಪೂಜೆಗೆ ಲಿಂಗ ಅಂಗೈಯಲ್ಲಿ ಇಟ್ಟುಕೊಂಡರೆ ಕಣ್ಣಿಗೆ ಬರುವುದು ಆ ಪೊದೆ. ನಾನು ಸರಿದದ್ದು ತಪ್ಪೋ ಸರಿಯೋ ಎಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಸರಿಯದಿದ್ದರೆ ಆ ಮಗು ಅಲ್ಲೇ ಉಳಿಯುತ್ತಿತ್ತು. ಆದರೆ ನಾನು ಬಸ್ಸಿನ ಹೆಂಗಸು, ನನಗೆ ವಿಮಾನದ ಭಾರ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ಮಗು ಇರಲಿ, ಮೀನು ಇಳಿಯಲಿ ಎನ್ನಲು ನಿನಗೆ ಬಾಯಿತ್ತು. ಹಾರಿಸುವುದನ್ನು ಬಿಡು ಎಂದು ನಾನು ಹೇಳುವುದಿಲ್ಲ, ನೀನು ಆ ಸೀಟಿನಲ್ಲಿ ಕೂತಾಗ ಎಷ್ಟು ಚಂದ ಕಾಣುತ್ತೀಯ ಎಂದು ನನಗೆ ಗೊತ್ತು. ಆಗುವುದಿಲ್ಲ ಎನ್ನುವುದನ್ನು ಕಲಿ ಎನ್ನುತ್ತೇನೆ. ಅದರಿಂದ ಕೆಲಸ ಹೋದರೆ ಹೋಗಲಿ, ಬೇರೆ ಕೆಲಸ ಹುಟ್ಟುತ್ತದೆ.

ಕೋಫಿಗೂ ಅವನ ತಾಯಿಗೂ ನಮಸ್ಕಾರ ತಿಳಿಸು. ಮೈ ಕಡೆ ಲಕ್ಷ್ಯ ಇರಲಿ. ಬಸವಣ್ಣ ನಿನ್ನನ್ನೂ, ನಿನ್ನ ಹಿಂದೆ ಕೂತವರನ್ನೂ ಕಾಯಲಿ.

ನಿನ್ನ ಅವ್ವ,
ಕಾಶಿಬಾಯಿ

ತಾ. ಕ. ಪಕ್ಕದ ಮನೆಯ ರಾಜಿ ಈ ಕಾಗದವನ್ನು ಕೊರಿಯರ್‌ಗೆ ಹಾಕಲು ಕೆಳಗೆ ಕಾರು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾಳೆ, ಅಕ್ಷರ ಕೆಟ್ಟರೆ ಕ್ಷಮಿಸು. ಇದನ್ನು ಹೇಳಬಾರದು ಎಂದು ಅಕ್ಷಯಾ ನನ್ನ ಬಾಯಿಗೆ ಬೀಗ ಹಾಕಿದ್ದಾಳೆ, ನಿನಗೆ ಸರ್‌ಪ್ರೈಸಂತೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅವಳು ಕೀರ್ತಿಯನ್ನು ಕರೆದುಕೊಂಡು ಅಕ್ರಾಕ್ಕೆ ಬರುತ್ತಿದ್ದಾಳೆ, ಅಲ್ಲಿಂದ ಡಾಕಾರ್‌ವರೆಗೆ ನಿನ್ನ ವಿಮಾನದಲ್ಲೇ, ಎಲ್ಲ ಊರೂ ಇಳಿದು. ನನ್ನ ಕಥೆ ಕೇಳಿಯೇ ಇಬ್ಬರಿಗೂ ಈ ಹುಚ್ಚು ಹತ್ತಿದೆ. ‘ಅತ್ತೆ, ಅವರ ಪ್ಲೇನ್ ಸೇಫ್ ತಾನೇ?’ ಎಂದು ಕೇಳಿದಳು. ನಿನಗೆ ಕೊಟ್ಟ ವಚನಕ್ಕೆ ಕಟ್ಟುಬಿದ್ದು ಹೂಂ ಎಂದೆ. ನಿನ್ನೆ ಅವಳು ನಿಮ್ಮ ಏಜೆಂಟ್‌ಗೆ ಫೋನ್ ಮಾಡಿದರೆ, ಆ ದಿನದ ವಿಮಾನದಲ್ಲಿ ಒಂದೇ ಸೀಟು ಉಳಿದಿದೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ ಎಂದನಂತೆ. ‘ನೀವು ಕೂಡ ಹಾಗೇ ಅಡ್ಜಸ್ಟ್ ಮಾಡ್ಕೊಂಡು ಬಂದಿರ್ತೀರ ಅಲ್ವಾ ಅತ್ತೆ’ ಎಂದು ನಗುತ್ತಲೇ ಟಿಕೆಟ್ ತೆಗೆಸಿದ್ದಾಳೆ. ಅವಳ ಗುಟ್ಟನ್ನು ನಿನಗೆ ಬಿಟ್ಟುಕೊಟ್ಟೆ, ನಿನ್ನ ಗುಟ್ಟನ್ನು ಇನ್ನೂ ಅವಳಿಗೆ ಕೊಟ್ಟಿಲ್ಲ. ಬರಬೇಡ ಎಂದು ನೀನೇ ಫೋನ್ ಮಾಡಿ ಹೇಳು. ಯಾಕೆ ಎಂದು ಕೇಳುತ್ತಾಳೆ. ಅದನ್ನೂ ನೀನೇ ಹೇಳು.