ಸೊಲ್ಲಾಪುರದ ಡಬ್ಬಿ ಹಾಲು

ಸಾರವಾಡ
೧೮ ಆಗಸ್ಟ್ ೧೯೭೪

ಗುರುಸಿದ್ದಕ್ಕನಿಗೆ ತಂಗಿ ರುದ್ರವ್ವನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಈ ಸಲ ಬರೆಯಲಾರೆ. ನನ್ನ ಕೂಸು ಅಮರಪ್ಪ ಹೋಗಿ ಇಂದಿಗೆ ಹನ್ನೆರಡು ದಿನ. ನೀನು ಮಣ್ಣಿಗೂ ಬರಲಿಲ್ಲ. ತಾರು ತಡವಾಗಿ ಮುಟ್ಟಿತೆಂದು ಬರೆದಿರುವೆ. ಇರಲಿ.

ಯುಗಾದಿಗೆ ನೀನು ಸೊಲ್ಲಾಪುರದಿಂದ ಬಂದಾಗ ನಿನ್ನ ಮಗನನ್ನು ನೋಡಲು ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಗಲ್ಲ ತುಂಬಿಕೊಂಡು ಎಷ್ಟು ಚೆಂದ ಇದ್ದ! ನೀನು ಬೀಡಿ ಕಾರ್ಖಾನೆಗೆ ಹೋಗುವವಳು, ಹಾಲಿನ ಪುಡಿ ಕಲಸಿ ಬಾಟಲಿಯಲ್ಲಿ ಕುಡಿಸುತ್ತಿದ್ದೆ. ನನ್ನ ಎರಡು ತಿಂಗಳ ಕೂಸನ್ನು ಎತ್ತಿಕೊಂಡು, "ನಿನ್ನ ಹಾಲಾಗ ಸತ್ವ ಇಲ್ಲ ರುದ್ರಿ. ಅಲ್ಲಿ ಶಾಣ್ಯಾ ಮಂದಿ ಯಾರೂ ಎದಿಹಾಲು ಕುಡಿಸಂಗಿಲ್ಲ" ಎಂದೆ. ನನ್ನ ಅತ್ತೆಯ ಎದುರಿಗೇ ಅಂದೆ. ಅವತ್ತಿನಿಂದ ಈ ಮನೆಯಲ್ಲಿ ನನ್ನ ಹಾಲಿಗೆ ಬೆಲೆಯಿಲ್ಲದಾಯಿತು.

ಲಾರಿ ಹೊಡೆಯುವ ಗೈಬುಸಾಬನ ಕೈಯಲ್ಲಿ ನೀನು ಡಬ್ಬಿ ಕಳಿಸತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ನನ್ನ ಎದೆ ಬತ್ತಿತು. ಮುಂದಿನ ಡಬ್ಬಿ ಬರುವವರೆಗೆ ಸಾಲಲೆಂದು ನಾಲ್ಕು ಚಮಚದ ಕಡೆ ಎರಡೇ ಹಾಕಿದೆ. ನೀರು ಬಾವಿಯದು. ಬಾಟಲಿಯನ್ನು ಬೂದಿ ಹಚ್ಚಿ ತೊಳೆಯುತ್ತಿದ್ದೆ. ಕುದಿಸಬೇಕೆಂದು ನನಗೆ ಯಾರು ಹೇಳಿದ್ದರು? ಶ್ರಾವಣದಲ್ಲಿ ಭೇದಿ ಹತ್ತಿತು. ಬಸ್ಸು ಹಿಡಿದು ಬಿಜಾಪುರಕ್ಕೆ ಒಯ್ದೆವು. ಡಾಕ್ಟರು ಬಾಟಲಿ ಮೂಸಿ ನೋಡಿ, ಎದೆಹಾಲು ಯಾಕೆ ಬಿಡಿಸಿದೆ ಎಂದು ಕೇಳಿದರು. ಮರುದಿನ ಮುಂಜಾನೆ ಕೂಸು ಕಣ್ಣು ಮುಚ್ಚಿತು.

ಗೈಬುಸಾಬ ಮಾತಾಡಿಸಲು ಬಂದಿದ್ದ. ಪಾಪ, ಅವನಿಗೇನು ಗೊತ್ತು. "ನಿಮ್ಮ ಅಕ್ಕ ಬ್ಯಾಸಗ್ಯಾಗನ ಆ ಬಾಟ್ಲಿ ಬಿಸಾಕ್ಯಾರ, ನಿಮಗ ಹೇಳಿಲ್ಲೇನ್ರಿ?" ಎಂದು ಕೇಳಿದ. ನಿನ್ನ ಮಗನಿಗೂ ಭೇದಿಯಾಗಿ ದವಾಖಾನೆಗೆ ಸೇರಿಸಿದ್ದಿರಂತೆ. ನರ್ಸಬಾಯಿ ನಿನ್ನನ್ನು ಚೆನ್ನಾಗಿ ಬೈದಳಂತೆ. ನೀನಿರುವ ಚಾಳಿನ ಹೆಂಗಸರಿಗೆಲ್ಲ ಬಾಟಲಿ ಬೇಡವೆಂದು ಹೇಳಿದೆಯಂತೆ. ಆಮೇಲೂ ನನಗೆ ಎರಡು ಡಬ್ಬಿ ಕಳಿಸಿದೆ, ಅಕ್ಕ. ನಿನ್ನ ಮನೆಯಲ್ಲಿ ಬೇಡವಾಗಿ ಉಳಿದವನ್ನು.

ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ತಿಳಿದವಳು ಎನ್ನಿಸಿಕೊಂಡವಳಿಗೆ ತಪ್ಪಾಯಿತು ಎನ್ನುವುದು ಕಷ್ಟವಾಯಿತೇನು? ದೀಪಾವಳಿಗೆ ಕರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಇನ್ನು ಮುಂದೆಯೂ ಕರೆಯುವುದಿಲ್ಲ.

ನಿನ್ನ ತಂಗಿ,
ರುದ್ರವ್ವ

ತಾ. ಕ.: ಕೂಸಿಗೆ ದೃಷ್ಟಿ ತಾಗಿತ್ತೆಂದು ಓಣಿಗೆಲ್ಲ ನಾನೇ ಹೇಳಿದ್ದೇನೆ, ಹಡೆದವಳೇ ಕೊಂದಳು ಎಂದಾರೆಂಬ ಅಂಜಿಕೆ. ನಿನ್ನೆ ಪಕ್ಕದ ಮನೆ ಹುಚ್ಚವ್ವನ ಸೊಸೆ ತನ್ನ ಕೂಸಿಗೆ ಪೇಟೆಯಿಂದ ಡಬ್ಬಿ ತರಿಸಿಕೊಂಡು, ಹೇಗೆ ಕಲಸಬೇಕೆಂದು ಕೇಳಲು ಬಂದಿದ್ದಳು. ಅತ್ತೆ ಅಲ್ಲೇ ಕೂತಿದ್ದರು. ಬೇಡ ಎನ್ನದೆ ಹೇಳಿಕೊಟ್ಟೆ.